ಕಾದಂಬರಿ ಅಚ್ಚಿಗೆ ಹೋಯಿತು: ಕೆಲವರಿಗೆ ನನ್ನ ನಮಸ್ಕಾರ

ನನ್ನ ಕಾದಂಬರಿ ಕೊನೆಗೂ ಅಚ್ಚಿಗೆ ಹೋಯಿತು. ಬ್ರೂಕ್ಲಿನ್‌ನ ಒಂದು ಯಹೂದಿ ಮನೆ, ಆ ಮನೆಯ ಅಜ್ಜಿ, ಅಜ್ಜಿ ನಲವತ್ತು ವರ್ಷ ಪ್ರೀತಿಸಿದ ಇನ್ನೊಬ್ಬ ಹೆಂಗಸು, ಸತ್ತ ಮೇಲೂ ಮನೆ ಬಿಡದ ಅಜ್ಜಿಯ ಪ್ರೇತ. ಇದನ್ನು ಕನ್ನಡದಲ್ಲಿ ಬರೆಯುವ ಧೈರ್ಯ ಕೊಟ್ಟವರನ್ನು ನೆನೆಯದೆ ಇರಲಾರೆ.

ಮೊದಲ ನಮಸ್ಕಾರ ನನ್ನ ಸಂಗಾತಿಯ ತಾಯಿಗೆ. ಅವರನ್ನು ಅತ್ತೆ ಎಂದೇ ಕರೆಯುತ್ತೇನೆ. ಅವರ ತಾಯಿ ತೀರಿಕೊಂಡಾಗ, ಯಹೂದಿಗಳು ಶಿವಾ ಎನ್ನುವ ಏಳು ದಿನಗಳ ಸೂತಕದಲ್ಲಿ ನನ್ನನ್ನೂ ಮನೆಯವಳಾಗಿ ಕೂರಿಸಿಕೊಂಡರು. ಕನ್ನಡಿಗಳಿಗೆಲ್ಲ ಬಟ್ಟೆ ಮುಚ್ಚಿತ್ತು. ಮನೆಯವರು ಗಿಡ್ಡ ಸ್ಟೂಲುಗಳ ಮೇಲೆ ಕುಳಿತಿದ್ದರು. ಅವರು ಮಾತಾಡುವ ತನಕ ಸಂತೈಸಲು ಬಂದವರೂ ಮಾತಾಡುವಂತಿಲ್ಲ. ನೆರೆಯವರು ಬೇಯಿಸಿದ ಮೊಟ್ಟೆ, ಮಸೂರದ ಸಾರು ತಂದಿದ್ದರು. ಮಸೂರಕ್ಕೆ ಬಾಯಿಲ್ಲ, ದುಃಖದಲ್ಲಿರುವವರಿಗೂ ಬಾಯಿಲ್ಲ, ಅದಕ್ಕೇ ಇದು ಸೂತಕದ ಊಟ ಎಂದು ಅತ್ತೆ ಬಟ್ಟಲನ್ನು ನನ್ನ ಕೈಗಿಟ್ಟರು.

ತಂದೆ, ತಾಯಿ, ಮಗ, ಮಗಳು, ಒಡಹುಟ್ಟಿದವರು, ಗಂಡ ಅಥವಾ ಹೆಂಡತಿ: ಶಾಸ್ತ್ರದ ಪ್ರಕಾರ ಸೂತಕ ಹಿಡಿಯಬೇಕಾದವರು ಇವರು. ಪ್ರೇಯಸಿ ಆ ಪಟ್ಟಿಯಲ್ಲಿಲ್ಲ. ನನ್ನ ಕಾದಂಬರಿಯ ಪ್ರೇತ ಹುಟ್ಟಿದ್ದು ಅಲ್ಲಿಯೇ. ತನ್ನವಳನ್ನು ನೆರೆಯವರ ಸಾಲಿನಲ್ಲಿ ಕೂರಿಸಿದ್ದನ್ನು ಸಹಿಸಲಾರದೆ ಅಜ್ಜಿ ಮೊಮ್ಮಗಳ ಮೈಮೇಲೆ ಬರುತ್ತಾಳೆ. ಇಂಥ ಪ್ರೇತಕ್ಕೆ ಯಹೂದಿಗಳು ದಿಬ್ಬುಕ್ ಎನ್ನುತ್ತಾರೆ. 1912ರಿಂದ 1914ರವರೆಗೆ ಉಕ್ರೇನಿನ ಊರೂರು ತಿರುಗಿ ಯಹೂದಿಗಳ ಕಥೆ, ಹಾಡು, ನಂಬಿಕೆಗಳನ್ನು ಕೂಡಿಹಾಕಿದ ಆನ್‌ಸ್ಕಿ ಅವರಿಗೂ ನಾನು ಋಣಿ. ಅವರ ದಿಬ್ಬುಕ್ ನಾಟಕ ವಾರ್ಸಾದಲ್ಲಿ ರಂಗವೇರಿದ್ದು 1920ರ ಡಿಸೆಂಬರಿನಲ್ಲಿ, ಅವರು ತೀರಿಕೊಂಡ ಮರುತಿಂಗಳು. ಅದನ್ನು ಅವರು ನೋಡಲಿಲ್ಲವಲ್ಲ ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ.

ಸಲಿಂಗಪ್ರೇಮಿ ಯಹೂದಿಗಳು 1973ರಲ್ಲಿ ನ್ಯೂಯಾರ್ಕಿನಲ್ಲಿ ಕಟ್ಟಿಕೊಂಡ ಬೇತ್ ಸಿಮ್‌ಖಾತ್ ತೋರಾ ಎಂಬ ಪ್ರಾರ್ಥನಾ ಸಭೆಗೆ ವಂದನೆ. ಏಡ್ಸ್ ಕಾಲದಲ್ಲಿ ಆ ಸಭೆ ತನ್ನ ಅನೇಕ ಸದಸ್ಯರನ್ನು ಕಳೆದುಕೊಂಡಿತು. ಸತ್ತವರಿಗಾಗಿ ಹೇಳುವ ಕಾದಿಶ್ ಪ್ರಾರ್ಥನೆಯಲ್ಲಿ ಸಾವಿನ ಮಾತೇ ಇಲ್ಲ. ಆದರೆ ಅದನ್ನು ಒಬ್ಬರೇ ಹೇಳುವಂತಿಲ್ಲ, ಹತ್ತು ಜನ ಕೂಡಬೇಕು. ನನ್ನ ಕಾದಂಬರಿಯಲ್ಲಿ ಆ ಅಜ್ಜಿಗಾಗಿ ಹತ್ತನೆಯವರಾಗಿ ಯಾರು ಬರುತ್ತಾರೆ ಎಂಬುದೇ ಕೊನೆಯ ಅಧ್ಯಾಯ.

ಶಿವಮೊಗ್ಗದಲ್ಲಿರುವ ಅಮ್ಮನಿಗೆ ಒಂದೊಂದೇ ಅಧ್ಯಾಯವನ್ನು ಫೋನಿನಲ್ಲಿ ಓದಿ ಹೇಳುತ್ತಿದ್ದೆ. ನನ್ನ ಸಂಗಾತಿಯ ಹೆಸರನ್ನು ನಮ್ಮ ಮನೆಯಲ್ಲಿ ಬಹಳ ಕಾಲ ಯಾರೂ ಎತ್ತುತ್ತಿರಲಿಲ್ಲ. ಕೊನೆಯ ಅಧ್ಯಾಯ ಕೇಳಿದ ಮೇಲೆ ಅಮ್ಮ, “ಈ ಸಲ ಬರುವಾಗ ಅವಳನ್ನೂ ಕರೆದುಕೊಂಡು ಬಾ. ಅವಳ ಅಮ್ಮನಿಗೂ ನಾನು ಕರೆದೆ ಎಂದು ಹೇಳು” ಎಂದಳು.

ಅಮ್ಮ, ಟಿಕೆಟ್ ತೆಗೆದಿದ್ದೇವೆ. ಮೂವರೂ ಬರುತ್ತಿದ್ದೇವೆ.