ಸೊನ್ನೆ ಅಲ್ಲ, ಗೀಟು

ಪ್ರೀತಿಯ ಪುಟ್ಟಿಗೆ,

ಶಿವಮೊಗ್ಗದಿಂದ ಅಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಆರಾಮ. ಮಳೆ ಹಿಡಿದದ್ದು ಬಿಟ್ಟಿಲ್ಲ. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸಲು ಒಂದು ದಿನವೂ ಹೊಳವಾಗಲಿಲ್ಲ ಅಂತ ನಿಮ್ಮಪ್ಪ ಬೆಳಗಾದರೆ ತೀರ್ಥಹಳ್ಳಿಗೆ ಫೋನ್ ಮಾಡುತ್ತಾರೆ. ಫೋನ್ ಮಾಡಿದರೆ ಮಳೆ ನಿಲ್ಲುತ್ತಾ, ನೀನೇ ಹೇಳು.

ನಿನ್ನ ಮೆಸೇಜ್ ಓದಿದೆ. ಫೋನಿನಲ್ಲಿ ಮಾತಾಡಿದರೆ ನೀನು ಅಳುತ್ತೀಯ, ನಾನು ಬೈಯುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಹ್ಯಾಸ್ಕೆಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ತಲೆಗೆ ಹತ್ತುತ್ತಿಲ್ಲ ಅಂದೆ. ರೂಮ್‌ಮೇಟ್‌ಗೆ ಒಂದೇ ಸಲಕ್ಕೆ ಎಲ್ಲ ಅರ್ಥವಾಗುತ್ತೆ, ಆದ್ದರಿಂದ ನಿನಗೆ ಟ್ಯಾಲೆಂಟ್ ಇಲ್ಲ ಅಂದೆ. ಇವು ಎರಡು ಬೇರೆ ಬೇರೆ ವಿಷಯ. ನೀನು ಎರಡನ್ನೂ ಸೇರಿಸಿ ಒಂದೇ ಗಂಟು ಹಾಕಿದ್ದೀಯ.

ಮೊದಲು ಹ್ಯಾಸ್ಕೆಲ್. ನೀನು ಸಿ ಕಲಿತೆ, ಪೈಥಾನ್ ಕಲಿತೆ. ಅಲ್ಲಿ ಎಕ್ಸ್ ಈಕ್ವಲ್ಸ್ ಎಕ್ಸ್ ಪ್ಲಸ್ ಒಂದು ಅಂತ ಬರೆದರೆ ಅದು ಒಂದು ಆಜ್ಞೆ. ಎಕ್ಸ್ ಡಬ್ಬಿಯಲ್ಲಿ ಇರುವುದಕ್ಕೆ ಒಂದು ಕೂಡಿಸಿ ವಾಪಸ್ ಅಲ್ಲೇ ಇಡು ಅಂತ. ಹ್ಯಾಸ್ಕೆಲ್‌ನಲ್ಲಿ ಅದೇ ಸಾಲು ಆಜ್ಞೆ ಅಲ್ಲ, ವ್ಯಾಖ್ಯೆ. ಎಕ್ಸ್ ಅಂದರೆ ಏನು? ಎಕ್ಸ್‌ಗಿಂತ ಒಂದು ಜಾಸ್ತಿ. ಆ ಎಕ್ಸ್ ಅಂದರೆ? ಮತ್ತೆ ಎಕ್ಸ್‌ಗಿಂತ ಒಂದು ಜಾಸ್ತಿ. ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಗಲಾಟೆ ಮಾಡದೆ ಒಪ್ಪಿಕೊಳ್ಳುತ್ತೆ, ಪ್ರೋಗ್ರಾಮ್ ಮುಗಿಯುವುದೇ ಇಲ್ಲ. ನಿನಗೆ ಆದದ್ದು ಇದೇ ಅಲ್ವಾ? ಇದಕ್ಕೆ ಬುದ್ಧಿ ಕಮ್ಮಿ ಕಾರಣ ಅಲ್ಲ. ಹಳೇ ಅಭ್ಯಾಸ ಚೆನ್ನಾಗಿ ಕೂತಿದೆ, ಅಷ್ಟೆ. ಏನೂ ಗೊತ್ತಿಲ್ಲದವರಿಗೆ ಈ ತೊಂದರೆ ಬರುವುದೇ ಇಲ್ಲ.

ನನಗೂ ಬಂದಿತ್ತು. ನಾನು ಅಡಿಕೆ ಮಂಡಿಗಳಿಗೆ ಫಾಕ್ಸ್‌ಪ್ರೋ ಅನ್ನುವ ಹಳೇ ಡೇಟಾಬೇಸ್ ಭಾಷೆಯಲ್ಲಿ ಲೆಕ್ಕದ ಪ್ರೋಗ್ರಾಮ್ ಬರೆಯುತ್ತಿದ್ದದ್ದು ನಿನಗೆ ಗೊತ್ತು. ಸ್ಕ್ಯಾನ್ ಅಂತ ಶುರು, ಎಂಡ್‌ಸ್ಕ್ಯಾನ್ ಅಂತ ಮುಕ್ತಾಯ, ನಡುವೆ ಒಂದೊಂದೇ ದಾಖಲೆ ಎತ್ತಿ ನೋಡುವುದು. ಈ ಲಾಟಿನ ಅಡಿಕೆ ರಾಶಿ ದರ್ಜೆಯದಾ, ಹಾಗಿದ್ದರೆ ಮೊತ್ತಕ್ಕೆ ಕೂಡಿಸು. ಬೆಟ್ಟೆ ದರ್ಜೆಯದಾ, ಆ ಕಡೆ ಕೂಡಿಸು. ಮುಂದಿನದು. 2004ರ ಒಂಬತ್ತನೇ ಆವೃತ್ತಿಯ ನಂತರ ವಿಷುವಲ್ ಫಾಕ್ಸ್‌ಪ್ರೋಗೆ ಹೊಸದು ಬರಲಿಲ್ಲ. ಎಲ್ಲರೂ ಡೇಟಾಬೇಸಿಗೆ ಪ್ರಶ್ನೆ ಕೇಳುವ ಎಸ್‌ಕ್ಯೂಎಲ್ ಭಾಷೆಯ ಕಡೆ ಹೊರಟರು, ನಾನೂ ಹೊರಟೆ. ಅಲ್ಲಿ ಸೆಲೆಕ್ಟ್, ಗ್ರೂಪ್ ಬೈ ಅಂತ ಒಂದು ವಾಕ್ಯ. ದರ್ಜೆವಾರು ಮೊತ್ತ ಬೇಕು ಅಂತ ಕೇಳಿದರೆ ಮುಗಿಯಿತು. ನನ್ನ ತಲೆಯಲ್ಲಿ ಒಂದೇ ಪ್ರಶ್ನೆ: ಒಂದೊಂದೇ ದಾಖಲೆಗೆ ಅದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಲೂಪ್ ಎಲ್ಲಿ? ಯಾರು ಎಣಿಸುತ್ತಿದ್ದಾರೆ? ತಮಾಷೆ ಅಂದರೆ ಫಾಕ್ಸ್‌ಪ್ರೋ ಒಳಗೇ ಸೆಲೆಕ್ಟ್ ಇತ್ತು. ನಾನು ಆ ಕಡೆ ತಿರುಗಿಯೂ ನೋಡಿರಲಿಲ್ಲ. ಎಡ್ಗರ್ ಕಾಡ್ ಎನ್ನುವವರು 1970ರಲ್ಲೇ ಈ ವಿಚಾರದ ಮೂಲ ಬರೆದಿಟ್ಟಿದ್ದರು.

ಆಗ ಹಿಡಿದ ದಾರಿ ಹೇಳುತ್ತೇನೆ, ನಿನಗೂ ಅದೇ ಸಾಕು. ಹೊಸ ಪುಸ್ತಕದ ಹೊಸ ಲೆಕ್ಕ ಮಾಡಲಿಲ್ಲ. ಹಿಂದಿನ ವರ್ಷದ ಮಂಡಿ ಲೆಕ್ಕ ತೆಗೆದೆ. ಅದರ ಉತ್ತರ ಪೈಸೆ ಸಮೇತ ನನಗೆ ಗೊತ್ತು. ಅದನ್ನೇ ಹೊಸ ರೀತಿಯಲ್ಲಿ ಬರೆದೆ. ತಾಳೆಯಾಗದಿದ್ದರೆ ತಪ್ಪು ಲೆಕ್ಕದಲ್ಲಿಲ್ಲ, ನಾನು ವಾಕ್ಯ ಓದಿದ ರೀತಿಯಲ್ಲಿದೆ ಅಂತ ಖಾತ್ರಿ. ಭಾಷೆಯೂ ಹೊಸದು, ಲೆಕ್ಕವೂ ಹೊಸದು ಆದರೆ ಎಲ್ಲಿ ಎಡವಿದೆ ಅಂತ ಹೇಗೆ ತಿಳಿಯಬೇಕು? ನೀನು ಮೊದಲ ವರ್ಷದಲ್ಲಿ ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮ್‌ಗಳು ಹಳೇ ಲ್ಯಾಪ್‌ಟಾಪಿನಲ್ಲಿ ಇರಬೇಕು. ತೆಗೆದು ಒಂದೊಂದನ್ನೇ ಹ್ಯಾಸ್ಕೆಲ್‌ಗೆ ಬರಿ.

ಒಂದು ಲೆಕ್ಕವನ್ನು ಅದರದೇ ಚಿಕ್ಕ ರೂಪದಿಂದ ಬಿಡಿಸುವ ರಿಕರ್ಷನ್ ಅಂದರೆ ಭಯ ಅಂದೆ. ಹೈಸ್ಕೂಲಿನಲ್ಲಿ ನೀನು ಪ್ರಸ್ತಾರ ಹಾಕುತ್ತಿದ್ದೆಯಲ್ಲ, ಭಾಮಿನಿ ಷಟ್ಪದಿಗೆ ಮೂರು ನಾಲ್ಕು, ಮೂರು ನಾಲ್ಕು ಅಂತ ಗಣ ಕತ್ತರಿಸಿಕೊಂಡು? ಆ ನಾಲ್ಕು ಮಾತ್ರೆಯ ಗಣವನ್ನೇ ತಗೋ. ಲಘು ಒಂದು ಮಾತ್ರೆ, ಗುರು ಎರಡು. ನಾಲ್ಕು ಮಾತ್ರೆಯ ಗಣ ಎಷ್ಟು ಬಗೆಯಲ್ಲಿ ಬರಬಹುದು? ಎಲ್ಲವನ್ನೂ ಬರೆಯಲು ಹೋಗಬೇಡ. ಕೊನೆಯ ಅಕ್ಷರ ಒಂದನ್ನೇ ನೋಡು. ಅದು ಲಘು ಆಗಿದ್ದರೆ ಅದರ ಹಿಂದೆ ಮೂರು ಮಾತ್ರೆ ಇದೆ. ಗುರು ಆಗಿದ್ದರೆ ಹಿಂದೆ ಎರಡು ಮಾತ್ರೆ. ಮೂರನ್ನು ಮೂರು ಬಗೆಯಲ್ಲಿ ತುಂಬಬಹುದು, ಎರಡನ್ನು ಎರಡು ಬಗೆಯಲ್ಲಿ. ಮೂರು ಪ್ಲಸ್ ಎರಡು, ಐದು. ಐದು ಮಾತ್ರೆಗೆ? ನಾಲ್ಕರದ್ದು ಐದು, ಮೂರರದ್ದು ಮೂರು, ಒಟ್ಟು ಎಂಟು. ನೋಡು, ರಿಕರ್ಷನ್ ಮುಗಿಯಿತು. ಒಂದು ಮಾತ್ರೆಗೆ ಒಂದೇ ಬಗೆ, ಎರಡಕ್ಕೆ ಎರಡು ಅಂತ ಮೊದಲೇ ಹೇಳಿಡಬೇಕು, ಇಲ್ಲದಿದ್ದರೆ ಹಿಂದೆ ಹಿಂದೆ ಹೋಗಿ ನಿಲ್ಲುವ ಜಾಗ ಸಿಗಲ್ಲ. ಹ್ಯಾಸ್ಕೆಲ್‌ನಲ್ಲಿ ಮೂರು ಸಾಲು.

ಈ ಅಂಕಿಗಳನ್ನು ಈಗ ಫಿಬೊನಾಚಿ ಸರಣಿ ಅನ್ನುತ್ತಾರೆ. ಇಟಲಿಯ ಗಣಿತಜ್ಞ ಫಿಬೊನಾಚಿಯ ಪುಸ್ತಕ ಬಂದದ್ದು 1202ರಲ್ಲಿ. ನಮ್ಮಲ್ಲಿ ಛಂದಸ್ಸಿನ ಪಂಡಿತ ವಿರಹಾಂಕ ಅದಕ್ಕೂ ಶತಮಾನಗಳ ಮೊದಲೇ ಛಂದಸ್ಸಿನ ಲೆಕ್ಕಕ್ಕೆ ಇದನ್ನು ಹೇಳಿದ್ದ, ಹೇಮಚಂದ್ರ 1150ರ ಸುಮಾರಿಗೆ ಮತ್ತೆ ಹೇಳಿದ. ಎದೆ ತಟ್ಟಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಪದ್ಯ ಕಟ್ಟುವವರಿಗೆ ಬೇಕಾದ ಲೆಕ್ಕ ಅದು, ಅವರೇ ಮಾಡಿಕೊಂಡರು.

ಕಷ್ಟ ಇರುವುದು ಎಲ್ಲಿ ಗೊತ್ತಾ? ಹಿಂದಿನ ಮೂರು ಮಾತ್ರೆಯ ಉತ್ತರ ಸರಿಯಾಗಿಯೇ ಬರುತ್ತೆ ಅಂತ ನಂಬಿ ಬಿಡುವುದರಲ್ಲಿ. ನೀನು ನಂಬುವುದಿಲ್ಲ. ಒಳಗೆ ಇಳಿದು, ಅದರ ಒಳಗೆ ಇಳಿದು, ಐದನೇ ಮೆಟ್ಟಿಲಲ್ಲಿ ದಾರಿ ತಪ್ಪುತ್ತೀಯ. ಬರೆಯುವಾಗ ನಂಬು. ಬರೆದಾದ ಮೇಲೆ ಸಣ್ಣ ಅಂಕಿ ಹಾಕಿ ಕಾಗದದ ಮೇಲೆ ಬಿಡಿಸಿ ನೋಡು. ಐದು ಮಾತ್ರೆಗೆ ಬಿಡಿಸಿದರೆ ಮೂರರ ಲೆಕ್ಕವನ್ನು ಕಂಪ್ಯೂಟರ್ ಎರಡು ಸಲ ಮಾಡುವುದು ಕಾಣುತ್ತೆ. ದೊಡ್ಡ ಅಂಕಿಗೆ ಅದು ಯಾಕೆ ಅಷ್ಟು ನಿಧಾನ ಅಂತಲೂ ಆಗಲೇ ಗೊತ್ತಾಗುತ್ತೆ. ಮಾಡಿದ್ದನ್ನು ಬರೆದಿಟ್ಟುಕೊಂಡರೆ ಸಾಕಲ್ಲ ಅಂತ ನೀನೇ ಹೇಳುತ್ತೀಯ.

ಇನ್ನು ಹ್ಯಾಸ್ಕೆಲ್‌ನ ಮೇಬಿ ಅನ್ನುವ ಟೈಪ್, ಅಂದರೆ ಬೆಲೆ ಇರಲೂಬಹುದು, ಇಲ್ಲದಿರಲೂಬಹುದು ಅನ್ನುವ ಮಾಹಿತಿಯ ಬಗೆ. ಇದಕ್ಕೆ ಒಬ್ಬರ ವಿಷಯ ಹೇಳಬೇಕು. ನಾನು ಮೊದಲು ಕೆಲಸ ಮಾಡಿಕೊಟ್ಟ ಮಂಡಿಯಲ್ಲಿ ವಯಸ್ಸಾದ ಗುಮಾಸ್ತರೊಬ್ಬರು ಇದ್ದರು. ಕಂಪ್ಯೂಟರ್ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಅವರ ಪುಸ್ತಕದಲ್ಲಿ ತೂಕದ ಕಾಲಂ ನೋಡಿದರೆ ಕೆಲವು ಕಡೆ ಸೊನ್ನೆ, ಕೆಲವು ಕಡೆ ಅಡ್ಡ ಗೀಟು. ಎರಡೂ ಒಂದೇ ಅಲ್ವಾ ಅಂತ ಕೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, "ಒಂದೇ ಹೇಗಾಗುತ್ತಮ್ಮ? ಸೊನ್ನೆ ಅಂದ್ರೆ ತೂಕ ಹಾಕಿ ಆಗಿದೆ, ಬೆಳೆಗಾರರ ಮಾಲು ಏನೂ ಉಳಿದಿಲ್ಲ. ಗೀಟು ಅಂದ್ರೆ ಚೀಲ ಬಂದಿದೆ, ತಕ್ಕಡಿ ಹತ್ತಿಲ್ಲ" ಅಂದರು. ಮೇಬಿ ಅಂದರೆ ಅಷ್ಟೇ ಪುಟ್ಟಿ. ಅದರಲ್ಲಿ 'ಜಸ್ಟ್ ಸೊನ್ನೆ' ಅವರ ಸೊನ್ನೆ, 'ನಥಿಂಗ್' ಅವರ ಗೀಟು; ಎರಡೂ ಬೇರೆ ಬೇರೆ. ಗೀಟನ್ನು ಸೊನ್ನೆ ಅಂದುಕೊಂಡು ಯಾರಾದರೂ ಮೊತ್ತಕ್ಕೆ ಕೂಡಿಸಲು ಹೋದರೆ ಟೈಪ್ ಸರಿಯಿದೆಯಾ ಅಂತ ತಾಳೆ ನೋಡುವ ಟೈಪ್ ಚೆಕ್ಕರ್ ಕೈ ಹಿಡಿದು ನಿಲ್ಲಿಸುತ್ತೆ. 'ಏನೂ ಇಲ್ಲ' ಅನ್ನುವುದಕ್ಕೆ ನಲ್ ಎನ್ನುವ ಗುರುತನ್ನು 1965ರಲ್ಲಿ ಪ್ರೋಗ್ರಾಮಿಂಗ್ ಭಾಷೆಯೊಳಗೆ ತಂದ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ ಅವರೇ 2009ರಲ್ಲಿ ಅದನ್ನು ತಮ್ಮ ನೂರು ಕೋಟಿ ಡಾಲರ್ ತಪ್ಪು ಅಂದರು. ಜಾವಾ ಭಾಷೆಗೆ ಮೇಬಿಯಂಥದ್ದೇ ಆಪ್ಷನಲ್ ಬಂದದ್ದು 2014ರಲ್ಲಿ. ನಮ್ಮ ಗುಮಾಸ್ತರು ನೀಲಿ ಇಂಕಿನಲ್ಲಿ ಗೀಟು ಎಳೆದು ಕೂತಿದ್ದರು.

ಅವರನ್ನು ಮಂಡಿಯಲ್ಲಿ ಎಲ್ಲರೂ ನಿಧಾನದವರು ಅಂತಿದ್ದರು. ನಿಧಾನದವರೇ ಹೌದು. ಕೂಡುವುದರಲ್ಲಿ ಸಾಹುಕಾರರ ಮಗ ಅವರಿಗಿಂತ ಎಷ್ಟೋ ಚುರುಕು. ಆದರೆ ನನ್ನ ಪ್ರೋಗ್ರಾಮ್‌ನಲ್ಲಿ ಇವತ್ತಿಗೂ ನಿಂತಿರುವ ನಿಯಮಗಳಲ್ಲಿ ಜಾಸ್ತಿ ಅವರ ಬಾಯಿಂದ ಬಂದವು.

ಎಲ್ಲರಿಗೂ ಒಂದೊಂದು ಪ್ರತಿಭೆ ಇದ್ದೇ ಇರುತ್ತೆ ಅನ್ನುವ ಸಮಾಧಾನದ ಮಾತು ನನಗೆ ಹಿಡಿಸಲ್ಲ, ಅದನ್ನು ನಿನಗೆ ಹೇಳುವುದೂ ಇಲ್ಲ. ನಿನ್ನ ರೂಮ್‌ಮೇಟ್‌ದು ನಿಜವಾದ ಪ್ರತಿಭೆ. ಒಂದೇ ಸಲಕ್ಕೆ ಹಿಡಿಯುವುದು ಸಣ್ಣ ವಿಷಯ ಅಲ್ಲ. ಆದರೆ ಹೇಗೆ ಅಂತ ಕೇಳಿದರೆ "ಅದು ಹಾಗೇ ಅಲ್ವಾ" ಅನ್ನುತ್ತಾಳೆ ಅಂತ ಬರೆದಿದ್ದೀಯ. ನಿನ್ನ ಅಜ್ಜಿಯನ್ನು ನೆನಪು ಮಾಡಿಕೋ. ಜಗಲಿಯಲ್ಲಿ ಅಡಿಕೆ ರಾಶಿ ಹಾಕಿಕೊಂಡು ಕೂತರೆ ಕೈ ಓಡುತ್ತಲೇ ಇರುತ್ತೆ. ಸರಕು ದರ್ಜೆಯದು ಒಂದು ಕಡೆ, ಬೆಟ್ಟೆ ಒಂದು ಕಡೆ, ಗೊರಬಲು ಹಿಂದಕ್ಕೆ. ಮಾತು ಸೊಸೆಯ ಜೊತೆ, ಕಣ್ಣು ಅಂಗಳದ ನಾಯಿಯ ಮೇಲೆ. ಹೇಗೆ ಗೊತ್ತಾಗುತ್ತೆ ಅತ್ತೆ ಅಂತ ನಾನು ಮದುವೆಯಾಗಿ ಬಂದ ಹೊಸದರಲ್ಲಿ ಕೇಳಿದ್ದಕ್ಕೆ, ಕಂಡರೆ ಗೊತ್ತಾಗಲ್ವಾ ಅಂದಿದ್ದರು. ನನಗೆ ಹೇಳಿಕೊಟ್ಟದ್ದು ಪಕ್ಕದ ಮನೆಯ ಅಕ್ಕ. ಅವಳು ಹೊರಗಿನಿಂದ ಬಂದವಳು, ಕಷ್ಟಪಟ್ಟು ಕಲಿತವಳು. ಇದರ ಅಂಚು ನೋಡು, ಈಗ ಇದನ್ನು ಕೈಯಲ್ಲಿ ತೂಗು ಅಂತ ಒಂದೊಂದೇ ತೋರಿಸಿದಳು.

ಸಾಫ್ಟ್‌ವೇರ್ ಕೆಲಸಕ್ಕೆ ಅಜ್ಜಿಯ ಕೈಯೂ ಬೇಕು, ಆ ಅಕ್ಕನ ವಿವರವೂ ಬೇಕು. ಇಂಟರ್‌ವ್ಯೂ ಮಾಡುವವರು ಬೋರ್ಡಿನ ಮುಂದೆ ನಿಲ್ಲಿಸಿ ಅರ್ಧ ಗಂಟೆಯಲ್ಲಿ ಅಜ್ಜಿಯ ಕೈ ಒಂದನ್ನೇ ನೋಡುತ್ತಾರೆ. ನನ್ನ ಮಟ್ಟಿಗೆ ಅದು ಅವರ ಸೋಮಾರಿತನ.

ನಿನ್ನದು ಇನ್ನೊಂದು ಬಗೆ. ನೀನು ಹೈಸ್ಕೂಲಿನಲ್ಲಿದ್ದಾಗ ನನ್ನ ಕಂಪ್ಯೂಟರ್ ಮುಂದೆ ಕೂತರೆ ಸರಿಯಾದ ಅಂಕಿ ಒಂದೂ ಹಾಕುತ್ತಿರಲಿಲ್ಲ. ಚೀಲದ ತೂಕಕ್ಕೆ ಮೈನಸ್, ತಾರೀಕಿಗೆ ಫೆಬ್ರವರಿ 30, ಬೆಳೆಗಾರರ ಹೆಸರಿಗೆ ಬರೀ ಸ್ಪೇಸ್. ಏನಾಗುತ್ತೆ ನೋಡೋಣ ಅಂತ. ಯಾರೂ ಹೇಳಿಕೊಟ್ಟದ್ದಲ್ಲ, ಪ್ರತಿ ಸಲವೂ ಅದೇ ಕೆಲಸ. ಅಪೊಲೊ ನೌಕೆಯ ಸಾಫ್ಟ್‌ವೇರ್ ತಂಡ ನಡೆಸುತ್ತಿದ್ದ ಮಾರ್ಗರೆಟ್ ಹ್ಯಾಮಿಲ್ಟನ್ ತಮ್ಮ ಪುಟ್ಟ ಮಗಳನ್ನು ಎಂಐಟಿಯ ಲ್ಯಾಬಿಗೆ ಕರೆದುಕೊಂಡು ಹೋಗುತ್ತಿದ್ದರಂತೆ. ಆ ಮಗು ನೌಕೆಯ ಅಣಕು ಯಂತ್ರವಾದ ಸಿಮ್ಯುಲೇಟರ್‌ನಲ್ಲಿ ಆಡುತ್ತಾ, ಅದರಲ್ಲಿ ನೌಕೆ ಹಾರುತ್ತಿರುವಾಗಲೇ ಉಡಾವಣೆಗೆ ಮುಂಚಿನ ಪಿ01 ಪ್ರೋಗ್ರಾಮ್ ಒತ್ತಿತು. ಎಲ್ಲ ಕುಸಿಯಿತು. ಇದಕ್ಕೊಂದು ತಡೆ ಹಾಕೋಣ ಅಂದರು ತಾಯಿ. ತರಬೇತಾದ ಗಗನಯಾತ್ರಿಗಳು ಹಾಗೆಲ್ಲ ಒತ್ತಲ್ಲ ಅಂತ ನಾಸಾದವರು ಒಪ್ಪಲಿಲ್ಲ. 1968ರ ಡಿಸೆಂಬರ್, ಅಪೊಲೊ 8. ಗಗನಯಾತ್ರಿ ಜಿಮ್ ಲೊವೆಲ್ ಅದನ್ನೇ ಒತ್ತಿದರು, ನೌಕೆ ಎಲ್ಲಿದೆ ಎಂಬ ಮಾಹಿತಿಯೇ ಅಳಿಸಿಹೋಯಿತು. ಅದನ್ನು ಭೂಮಿಯಿಂದ ಮತ್ತೆ ಕಳಿಸಬೇಕಾಯಿತು.

ನಿನ್ನ ರೂಮ್‌ಮೇಟ್ ಬರೆದ ಕೋಡ್ ಕೇಳಿ ತಗೋ. ಖಾಲಿ ಪಟ್ಟಿ ಕೊಡು, ಮೈನಸ್ ಅಂಕಿ ಕೊಡು. ಅದು ಎಲ್ಲಿ ಮುರಿಯುತ್ತೆ ಅಂತ ಹುಡುಕುತ್ತಾ ಹೋದರೆ ಅದು ಹೇಗೆ ನಡೆಯುತ್ತೆ ಅಂತಲೂ ನಿನಗೆ ತಿಳಿಯುತ್ತೆ. ನೀನು ಕಲಿಯುವುದು ಆ ದಾರಿಯಲ್ಲಿ. ಅವಳಿಗೂ ಉಪಕಾರ, ಆದರೆ ಹೇಳುವಾಗ ಸ್ವಲ್ಪ ಮೆತ್ತಗೆ ಹೇಳು.

ಇಂಥ ಹೆಜ್ಜೆಗಳನ್ನು ಒಂದಕ್ಕೊಂದು ಜೋಡಿಸುವ ಹ್ಯಾಸ್ಕೆಲ್‌ನ ವಿಧಾನ, ಮೊನಾಡ್, ಅದರ ಪಾಠ ಬಂದಾಗ ಯಾರ ಹೋಲಿಕೆಯನ್ನೂ ಕೇಳಬೇಡ. ಮೇಬಿ ಹಾಕಿ ನಾಲ್ಕಾರು ಪ್ರೋಗ್ರಾಮ್ ಬರಿ. ಪ್ರತಿ ಹೆಜ್ಜೆಯಲ್ಲೂ ಗೀಟಾ, ತೂಕವಾ ಅಂತ ವಿಚಾರಿಸಿ ವಿಚಾರಿಸಿ ನಿನಗೇ ಬೇಜಾರು ಬರುತ್ತೆ. ಆ ಬೇಜಾರು ಬಂದ ಮೇಲೆ ಪುಸ್ತಕ ತೆಗಿ.

ಅಪ್ಪ ಶನಿವಾರ ಬೆಂಗಳೂರಿಗೆ ಬರುವವರಿದ್ದಾರೆ. ಕೋಡುಬಳೆ, ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸುತ್ತೇನೆ, ಬಾಟಲಿ ಬಿಗಿಯಾಗಿ ಮುಚ್ಚಿಡು. ಅವರ ಕೈಯಲ್ಲಿ ಏಳು ಮಾತ್ರೆಯ ಲೆಕ್ಕ ಬಿಡಿಸಿದ ಕಾಗದ ಕಳಿಸು. ಕೋಡ್ ಬೇಡ, ಕೈಯಲ್ಲಿ ಬರೆದದ್ದು. ಉತ್ತರ ನನಗೆ ಗೊತ್ತು, ದಾರಿ ನೋಡಬೇಕು.

ಇಂತಿ ನಿನ್ನ
ಅಮ್ಮ