ಕತ್ತು ಚಾಚಿದ್ದಕ್ಕೆ ಚಿಪ್ಪು ಬಾಗಲಿಲ್ಲ

ಚಿ. ಮೇಘಾಗೆ ದೊಡ್ಡಪ್ಪನ ಆಶೀರ್ವಾದಗಳು.

ಪೆಸಿಫಿಕ್ ಸಾಗರದ ಗ್ಯಾಲಪಗೋಸ್ ದ್ವೀಪಗಳ ದೈತ್ಯ ಆಮೆಗಳ ಬಗ್ಗೆ ನೀನು ಬರೆದ ಪ್ರಬಂಧ ಓದಿದೆ. ಚೆನ್ನಾಗಿದೆ. ಆದರೆ ‘ಕಳ್ಳಿ ತಿನ್ನಲು ಕತ್ತು ಚಾಚಿ ಚಾಚಿ ಚಿಪ್ಪು ಮೇಲಕ್ಕೆ ಬಾಗಿತು’ ಅಂದಿದ್ದೀಯಲ್ಲ, ಆ ಸಾಲು ತೆಗೆದುಬಿಡು. ಯಾವ ಆಮೆಯೂ ಬದುಕಿರುವಾಗ ಹಾಗೆ ಚಿಪ್ಪಿನ ಆಕಾರ ಬದಲಿಸಿಕೊಳ್ಳಲಿಲ್ಲ. ಹುಟ್ಟುವಾಗಲೇ ಮರಿಯಿಂದ ಮರಿಗೆ ಚಿಪ್ಪಿನ ಆಕಾರದಲ್ಲಿ ಚೂರು ವ್ಯತ್ಯಾಸ ಇರುತ್ತದೆ. ಬರ ಬಂದಾಗ ಎತ್ತರದ ಕಳ್ಳಿಗೆ ಬಾಯಿ ಎಟುಕಿದವು ಹೆಚ್ಚು ಉಳಿದವು, ಮರಿ ಮಾಡಿದವು. ತಲೆಮಾರುಗಟ್ಟಲೆ ಹೀಗೇ ನಡೆದು ಚಿಪ್ಪಿನ ಆಕಾರ ಬದಲಾಯಿತು.

ಯಾವ ಪ್ರಾಣಿಯ ಬಗ್ಗೆ ಬರೆದರೂ ಮೊದಲು ಅದರ ಜಾಗ ನೋಡು. ಗ್ಯಾಲಪಗೋಸ್‌ನಲ್ಲೇ ಸಾಂಟಾ ಕ್ರೂಜ್ ದ್ವೀಪದ ಎತ್ತರದ ಭಾಗ ತೇವವಾಗಿದೆ. ಹುಲ್ಲು ಕಾಲ ಬುಡದಲ್ಲೇ ಸಿಗುತ್ತದೆ, ಅಲ್ಲಿನ ಆಮೆಗಳ ಚಿಪ್ಪು ಗುಮ್ಮಟದಂತೆ ದುಂಡಗಿದೆ. ಎಸ್ಪಾನ್ಯೋಲಾ, ಪಿಂಜೋನ್ ಒಣ ದ್ವೀಪಗಳು. ಅಲ್ಲಿ ಚಿಪ್ಪಿನ ಮುಂಭಾಗ ಎತ್ತಿಕೊಂಡಿದೆ, ಕತ್ತು ಕಾಲು ಉದ್ದ. ಚಿಪ್ಪು ನೋಡಿ ಯಾವ ದ್ವೀಪದ್ದು ಅಂತ ಹೇಳಬಲ್ಲೆ ಎಂದು 1835ರಲ್ಲಿ ಅಲ್ಲಿನ ಅಧಿಕಾರಿ ಲಾಸನ್ ಹೇಳಿದಾಗ ಡಾರ್ವಿನ್ನೇ ಮೊದಲು ಅದಕ್ಕೆ ಅಷ್ಟು ಗಮನ ಕೊಡಲಿಲ್ಲ. ಹಾಗಾಗಿ ನೀನೇನೂ ಬೇಜಾರು ಮಾಡ್ಕೋಬೇಡ.

ದ್ವೀಪಕ್ಕೆ ಬಂದ ಮೇಲೇ ದೈತ್ಯವಾದವು ಅಂತಲೂ ಖಡಾಖಂಡಿತವಾಗಿ ಬರೆಯಬೇಡ. ದಕ್ಷಿಣ ಅಮೆರಿಕದ ನೆಲದಲ್ಲೂ ದೈತ್ಯ ಆಮೆಗಳ ಪಳೆಯುಳಿಕೆ ಸಿಕ್ಕಿವೆ. ಅಲ್ಲಿಂದ ಸುಮಾರು 1000 ಕಿ.ಮೀ. ತೇಲಿಕೊಂಡು ಬಂದವು ಅಂದರೆ ನಂಬೋದು ಕಷ್ಟ, ಅಲ್ವಾ? 2004ರಲ್ಲಿ ಟಾಂಜಾನಿಯಾದ ಕಡಲತೀರಕ್ಕೆ ಹಿಂದೂ ಮಹಾಸಾಗರದ ಅಲ್ದಾಬ್ರಾ ದ್ವೀಪದ ಜಾತಿಯ ದೈತ್ಯ ಆಮೆಯೊಂದು ಸಮುದ್ರದಿಂದ ಎದ್ದು ಬಂತು. ಬಡಕಲಾಗಿತ್ತು, ಕಾಲಿಗೆಲ್ಲ ಬಾರ್ನಕಲ್ ಎಂಬ ಚಿಪ್ಪಿರುವ ಪುಟ್ಟ ಕಡಲಜೀವಿಗಳು ಅಂಟಿ ಬೆಳೆದಿದ್ದವು. ವಾರಗಟ್ಟಲೆ ನೀರಿನಲ್ಲಿ ಇರದಿದ್ದರೆ ಅವು ಹಾಗೆ ಬೆಳೆಯುವುದಿಲ್ಲ.

ಫಿಂಚ್ ಹಕ್ಕಿಯ ವಿಷಯ ಬಿಟ್ಟಿದ್ದೀಯ, ಸೇರಿಸು. ಹಕ್ಕಿ ಎದುರಿಗೆ ಬಂದು ಕುಪ್ಪಳಿಸಿದರೆ ಸಾಕು, ಆಮೆ ನಾಲ್ಕೂ ಕಾಲು ನೆಟ್ಟಗೆ ಮಾಡಿ, ಕತ್ತು ಚಾಚಿ, ಅಲ್ಲಾಡದೆ ನಿಲ್ಲುತ್ತದೆ. ಹಕ್ಕಿ ಚರ್ಮದ ಮಡಿಕೆಗಳಲ್ಲಿ ನುಗ್ಗಿ ರಕ್ತ ಹೀರುವ ಉಣ್ಣಿಹುಳುಗಳನ್ನು ಹೆಕ್ಕುತ್ತದೆ. ನನಗಂತೂ ಚಿಪ್ಪಿಗಿಂತ ಇದೇ ಜಾಸ್ತಿ ಇಷ್ಟ.

ಒಂದು ವರ್ಷದವರೆಗೂ ಅನ್ನ ನೀರಿಲ್ಲದೆ ಇರಬಲ್ಲವು ಅಂತ ಹೊಗಳಿದ್ದೀಯ. ಅದೇ ಗುಣ ಮುಳುವಾದದ್ದನ್ನೂ ಬರೆ. ತಿಮಿಂಗಿಲ ಬೇಟೆಯವರು ಅವನ್ನು ಹಡಗಿನ ತಳದಲ್ಲಿ ಜೀವಂತ ಪೇರಿಸಿಟ್ಟು, ತಿಂಗಳುಗಟ್ಟಲೆ ಬೇಕಾದಾಗ ಕೊಯ್ದು ತಿಂದರು. ಎಸ್ಪಾನ್ಯೋಲಾದಲ್ಲಿ ಕೊನೆಗೆ 14 ಉಳಿದವು. ಅವನ್ನು ಹಿಡಿದು ತಂದು, ಸ್ಯಾನ್ ಡಿಯೇಗೋ ಮೃಗಾಲಯದಿಂದ ಬಂದ ಒಂದು ಗಂಡನ್ನೂ ಜೊತೆ ಮಾಡಿ ಮರಿ ಮಾಡಿಸಿದರು. 2020ರಲ್ಲಿ ಆ 15 ಆಮೆಗಳನ್ನೂ ವಾಪಸ್ ದ್ವೀಪಕ್ಕೆ ಬಿಟ್ಟರು. ಅಷ್ಟರಲ್ಲಿ ಅವುಗಳ ಸಂತಾನ ಸುಮಾರು 2000 ಆಗಿತ್ತು.

ತಿದ್ದಿದ ಪ್ರತಿ ಕಳಿಸು, ಓದುತ್ತೇನೆ.

ನಿನ್ನ ದೊಡ್ಡಪ್ಪ