ಮೇಲ್ಮನವಿಗೆ ಪೀಠದಷ್ಟೇ ಸಿಬ್ಬಂದಿಯೂ ಬೇಕು

ಮಾನ್ಯರೇ,

ಮಂಗಳೂರಿಗೆ ಹೈಕೋರ್ಟ್ ಪೀಠ ಬೇಕೆಂಬ ಬೇಡಿಕೆಯ ಸುದ್ದಿಯಲ್ಲಿ ಕಟ್ಟಡ, ನ್ಯಾಯಮೂರ್ತಿಗಳು, ಘಾಟಿ ಹತ್ತಿ ಬೆಂಗಳೂರಿಗೆ ಹೋಗಿಬರುವ ಖರ್ಚು ಎಲ್ಲವೂ ಇರುತ್ತದೆ. ಮೇಲ್ಮನವಿಯ ಕಡತವನ್ನು ದಿನವೂ ಕೈಯಲ್ಲಿ ಹಿಡಿಯುವ ಸಿಬ್ಬಂದಿಯ ಮಾತು ಮಾತ್ರ ಇರುವುದಿಲ್ಲ. ಉಡುಪಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ವಕೀಲರ ಗುಮಾಸ್ತನಾಗಿರುವ ನನಗೆ ಇದು ಸಣ್ಣ ಮರೆವು ಎನಿಸುವುದಿಲ್ಲ.

1963ರ ಕಾಲಮಿತಿ ಕಾಯ್ದೆಯಂತೆ ಸಿವಿಲ್ ಡಿಕ್ರಿಯ ವಿರುದ್ಧ ಹೈಕೋರ್ಟಿಗೆ ಹೋಗಲು 90 ದಿನ, ಬೇರೆ ಮೇಲ್ಮನವಿ ನ್ಯಾಯಾಲಯಕ್ಕೆ 30 ದಿನ. ದೃಢೀಕೃತ ನಕಲು ಪಡೆಯಲು ಹಿಡಿದ ಸಮಯವನ್ನು ಈ ಲೆಕ್ಕದಿಂದ ಕಳೆಯಲು 12ನೇ ಕಲಂ ಅವಕಾಶ ಕೊಡುತ್ತದೆ. ಆ ಸಮಯ ಎಷ್ಟೆಂಬುದಕ್ಕೆ ಆಧಾರ, ನಕಲಿನ ಮೇಲೆ ಒತ್ತಿದ ಮೊಹರಿನೊಳಗೆ ಗುಮಾಸ್ತರು ಪೆನ್ನಿನಿಂದ ತುಂಬುವ ತಾರೀಕುಗಳು: ಅರ್ಜಿ ಬಂದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ. ನಮ್ಮ ಕಕ್ಷಿದಾರರೊಬ್ಬರ ಗದ್ದೆಯ ದಾವೆಯಲ್ಲಿ, ಯಾವ ಕೋರ್ಟೆಂದು ಹೇಳುವುದು ಬೇಡ, ಸಿದ್ಧವಾದ ದಿನ 19 ಎಂದಿರಬೇಕಾದಲ್ಲಿ 9 ಎಂದು ಬಿತ್ತು. ಲೆಕ್ಕದಿಂದ ಕಳೆಯಬೇಕಾದ ದಿನಗಳಲ್ಲಿ ಹತ್ತು ಕಡಿಮೆಯಾಗಿ, ಮೇಲ್ಮನವಿ ಅಷ್ಟು ತಡವಾದಂತೆ ಕಂಡು, ವಿಳಂಬ ಮನ್ನಾ ಅರ್ಜಿ, ಪ್ರಮಾಣಪತ್ರ, ಎದುರುದಾರರ ಆಕ್ಷೇಪಣೆ ಎಂದು ಐದು ತಿಂಗಳು ಹೋಯಿತು; ಅಷ್ಟರವರೆಗೆ ಮೇಲ್ಮನವಿಗೆ ನಂಬರೇ ಬೀಳಲಿಲ್ಲ. ಬರೆದ ಹುಡುಗನನ್ನು ದೂರಲಾರೆ. ಖಾಲಿ ಹುದ್ದೆಯ ಕೆಲಸಕ್ಕೆಂದು ಬೇರೆ ವಿಭಾಗದಿಂದ ಅವನನ್ನು ತಂದು ಕೂರಿಸಿ ಎರಡು ವಾರವೂ ಆಗಿರಲಿಲ್ಲ, ಆ ತಾರೀಕಿಗೆ ಇಷ್ಟು ಬೆಲೆಯಿದೆಯೆಂದು ಯಾರೂ ಅವನಿಗೆ ಹೇಳಿರಲಿಲ್ಲ.

ಹೈಕೋರ್ಟಿನ ಸಿಬ್ಬಂದಿಯ ನೇಮಕ ಸಂವಿಧಾನದ 229ನೇ ವಿಧಿಯಂತೆ ಮುಖ್ಯ ನ್ಯಾಯಮೂರ್ತಿಗಳದ್ದು. ಜಿಲ್ಲೆಯ ಬೆರಳಚ್ಚುಗಾರರು, ಬೆರಳಚ್ಚು-ನಕಲುಗಾರರು, ಸಮನ್ಸ್-ನೋಟಿಸುಗಳನ್ನು ಮುಟ್ಟಿಸುವ ಆದೇಶ ಜಾರಿಕಾರರು ಮೊದಲಾದವರ ನೇಮಕಾತಿಗೆ ಪ್ರಕಟಣೆ ಹೊರಡುವುದು ಪ್ರಧಾನ ಜಿಲ್ಲಾ ನ್ಯಾಯಾಧೀಶರ ಕಚೇರಿಯಿಂದ. ಬೆರಳಚ್ಚಿನ ವೇಗ ನೋಡುವುದು ಸರಿಯೇ, ಆದರೆ ಕಡತದ ಕೆಲಸ ವೇಗದಿಂದಷ್ಟೇ ಆಗುವುದಲ್ಲ. 1956ರವರೆಗೆ ಮದ್ರಾಸಿಗೆ ಸೇರಿದ್ದ ನಮ್ಮ ಜಿಲ್ಲೆಯ ಜಮೀನು ವ್ಯಾಜ್ಯಗಳಲ್ಲಿ ಅಡಂಗಲ್ (ಊರಿನ ಜಮೀನಿನ ಲೆಕ್ಕದ ದಾಖಲೆ), ಮೂಲಗೇಣಿ ಚೀಟುಗಳು (ಶಾಶ್ವತ ಗೇಣಿಯ ಪತ್ರಗಳು) ಇಂದಿಗೂ ನಿಶಾನೆಯಾಗಿ, ಅಂದರೆ ಸಾಕ್ಷ್ಯದ ದಾಖಲೆಗಳಾಗಿ, ಬರುತ್ತವೆ. ಕೆಳ ನ್ಯಾಯಾಲಯದ ಕಡತವನ್ನು ಮೇಲಕ್ಕೆ ಕಳುಹಿಸುವಾಗ ಆ ಮೋಡಿ ಹಿಡಿದ ಹಳೆಯ ಬರಹವನ್ನು ಓದಿ, ಪುಟಸಂಖ್ಯೆ ಹಾಕಿ, ಹರಿದ ಹಾಳೆಯನ್ನು ಗುರುತು ಮಾಡಿ ಕಟ್ಟಬಲ್ಲವರು ನಿವೃತ್ತರಾಗುತ್ತಿದ್ದಾರೆ, ಮತ್ತು ಅವರ ಪಕ್ಕದಲ್ಲಿ ಕುಳಿತು ಕಲಿಯಲು ಹೊಸಬರನ್ನು ಮೊದಲೇ ನೇಮಿಸುವ ಪದ್ಧತಿ ನನಗಂತೂ ಕಂಡಿಲ್ಲ. ಆದೇಶ ಜಾರಿಕಾರರ ಪಾಡೂ ಬೇರೆಯಲ್ಲ; ಎದುರುದಾರರಲ್ಲಿ ಅರ್ಧ ಜನ ಮುಂಬಯಿಯಲ್ಲೋ ದುಬಾಯಿಯಲ್ಲೋ ಇರುವ ಊರು ನಮ್ಮದು.

ಧಾರವಾಡ ಮತ್ತು ಕಲಬುರಗಿಯ ಪೀಠಗಳು 2008ರಲ್ಲಿ ಸಂಚಾರಿ ಪೀಠಗಳಾಗಿ ಆರಂಭವಾಗಿ 2013ರಲ್ಲಿ ಕಾಯಂ ಆದವು. ಇಲ್ಲಿಯೂ ಹಾಗೆಯೇ ಮೊದಲು ಸಂಚಾರಿ ಪೀಠ ಬಂದರೆ, ಎರವಲು ಸಿಬ್ಬಂದಿಯಿಂದಲೇ ಕೆಲಸ ಸಾಗಿಸುವ ಆಸೆ ಯಾರಿಗಾದರೂ ಹುಟ್ಟೀತು. ಆದ್ದರಿಂದ ಪೀಠದ ಮನವಿಯನ್ನು ಮುಂದೆ ಸಲ್ಲಿಸುವವರು ನಕಲು ಮತ್ತು ದಾಖಲೆ ವಿಭಾಗಗಳಿಗೆ ಕಾಯಂ ಹುದ್ದೆಗಳನ್ನು ಅದರಲ್ಲೇ ಕೇಳಬೇಕು. ಯಾರ ಕೆಲಸ ಯಾವುದು, ಮೊಹರಿಗೆ ಸಹಿ ಹಾಕುವ ಮೊದಲು ತಾರೀಕನ್ನು ತಾಳೆ ನೋಡುವವರು ಯಾರು ಎಂಬುದನ್ನು ಬರಹದಲ್ಲಿ ನಿಗದಿಪಡಿಸುವಂತೆಯೂ ಕೋರಬೇಕು.

— ಓರ್ವ ವಕೀಲರ ಗುಮಾಸ್ತ, ಉಡುಪಿ